ಟೀಚರ್ ಟೈಪ್ ಮಾಡಿದ ದೋಣಿ

ಸಾವಿರದ ಎಂಟುನೂರು ರೂಪಾಯಿ. ಅತ್ತಾವರದ ಗುಜರಿ ಅಂಗಡಿಯವನು ಹೇಳಿದಷ್ಟನ್ನೇ ಕೊಟ್ಟೆ. ಆಯುಷ್ಯವಿಡೀ ವ್ಯಾಪಾರ ಮಾಡಿದ ನಾನು ಚೌಕಾಸಿಯಿಲ್ಲದೆ ಕೊಂಡದ್ದು ಈ ಚಿತ್ರ ಒಂದೇ.

"ಹಳೇ ಕಂಪ್ಯೂಟರ್ ಪ್ರಿಂಟ್ ಮಾರಾಯ್ರೆ, ಫ್ರೇಮು ಮಾತ್ರ ಗಟ್ಟಿ ಉಂಟು" ಎಂದ.

ಆ ಫ್ರೇಮು ಹಿಂದೆ ನಾನೇ ಹಾಕಿದ್ದು. ಹಿಂಬದಿಯ ರಟ್ಟು ಬಿಚ್ಚಿದರೆ ಟೈಪ್‌ರೈಟರ್ ರಿಬ್ಬನ್ನಿನ ವಾಸನೆ... ಅಥವಾ ಹಾಗೆಂದು ನನಗೆ ಅನ್ನಿಸಿತು.

ಅರವತ್ತರ ದಶಕ. ನಾನು ಫ್ರೇಮಿನ ಅಂಗಡಿ ಹಾಕಿದ ಹೊಸತು. ಎದುರಿನ ಮಹಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಟೀಚರ್ ಬಂದರಿನ ಜಲವರ್ಣ ಚಿತ್ರಗಳನ್ನು ಬರೆಯುತ್ತಿದ್ದರು. ಚೆಂದವಿದ್ದವು, ಆದರೆ ಮಾರಾಟವಾಗುತ್ತಿರಲಿಲ್ಲ. ಒಂದು ದಿನ ಬೇರೆಯೇ ಹಾಳೆ ತಂದರು. ದೋಣಿ, ನೀರು, ನೆರಳು ಎಲ್ಲವೂ ಟೈಪ್ ಮಾಡಿದ ಇಂಗ್ಲಿಷ್ ಅಕ್ಷರಗಳು!

"ಇದೆಂತ ಟೀಚರ್, ಬ್ರಶ್ಶು ಅಡವಿಟ್ಟಿರಾ?"

"ಬ್ರಶ್ಶೂ ಉಂಟು, ಇದೂ ಉಂಟು. ನೀನು ಫ್ರೇಮು ಹಾಕು, ತಲೆಹರಟೆ ಬೇಡ."

ಮೊದಲು ಚೌಕುಳಿ ಕಾಗದದಲ್ಲಿ ಪೆನ್ಸಿಲ್ ಚಿತ್ರ, ಆಮೇಲೆ ಚೌಕ ಎಣಿಸಿ ಒಂದೊಂದೇ ಕೀಲಿ. ಕಪ್ಪಿಗೆ ಅಕ್ಷರದ ಮೇಲೆ ಅಕ್ಷರ, ಬೆಳಕಿಗೆ ಬರೀ ಚುಕ್ಕೆ. ಒಂದು ಚಿತ್ರಕ್ಕೆ ಎಂಟು ದಿನ. ಆ ದೋಣಿಯ ಚಿತ್ರದ ಆಕಾಶದಲ್ಲಿ ಒಂದು ಅಕ್ಷರ ತಪ್ಪಿ ಬಿದ್ದಿತ್ತು. ಅದರ ಪಕ್ಕ ಇನ್ನೆರಡು ಹೊಡೆದು ಕಾಗೆ ಮಾಡಿದ್ದರು. ಅದನ್ನು ನನಗೆ ತೋರಿಸಿ ನಕ್ಕಿದ್ದರು.

ಆ ಬಗೆಯ ಚಿತ್ರಗಳನ್ನು ನಾನು ಅಂಗಡಿಯ ಮುಂದೆ ತೂಗುಹಾಕಿ, "ಮೆಷಿನ್ ತಾನೇ ಬಿಡಿಸಿದ ಚಿತ್ರ" ಎಂದು ಬೋರ್ಡು ಬರೆದೆ. ಜನ ಮುಗಿಬಿದ್ದರು.

"ಬೆರಳು ನನ್ನದಲ್ವಾ ಮಾರಾಯ?" ಎಂದರು ಟೀಚರ್.

"ವ್ಯಾಪಾರ ಟೀಚರ್, ನಿಮಗೆ ಗೊತ್ತಾಗ್ಲಿಕ್ಕಿಲ್ಲ" ಎಂದೆ.

ಊರಲ್ಲೊಂದು ಚಿತ್ರಪ್ರದರ್ಶನ ಬಂತು. ಟೀಚರ್ ಕಾಗೆಯಿದ್ದ ಆ ದೋಣಿಯ ಚಿತ್ರವನ್ನು ಕೊಟ್ಟರು. ಅವರ ಕೆಲಸ ಒಮ್ಮೆಯೂ ಪ್ರದರ್ಶನದ ಗೋಡೆ ಕಂಡಿರಲಿಲ್ಲ. ಫ್ರೇಮು ಹೊತ್ತು ನಾನೂ ಹೋಗಿದ್ದೆ. ಆಯ್ಕೆಗೆ ಕೂತಿದ್ದ ಡ್ರಾಯಿಂಗ್ ಮಾಸ್ಟ್ರು, "ಇದು ಮೆಷಿನ್ ಕೆಲಸ. ಇವರ ಅಂಗಡಿಯಲ್ಲೇ ಬೋರ್ಡು ಉಂಟಲ್ಲ!" ಎಂದು ನನ್ನತ್ತ ಕೈ ತೋರಿಸಿದರು.

"ನೀನೇ ಹೇಳು" ಎಂದರು ಟೀಚರ್.

ಕಾಗೆಯತ್ತ ಬೆರಳು ತೋರಿಸಿದ್ದರೆ ಸಾಕಿತ್ತು; ತಪ್ಪನ್ನು ಕಾಗೆ ಮಾಡಲು ಮೆಷಿನ್‌ಗೆ ಬರುವುದಿಲ್ಲ. ಆದರೆ ಬೋರ್ಡು ನಂಬಿ ಚಿತ್ರ ಕೊಂಡಿದ್ದ ನನ್ನ ಗಿರಾಕಿಗಳು ಇಬ್ಬರು ಅಲ್ಲೇ ನಿಂತಿದ್ದರು.

"ನನಗೆ ಗೊತ್ತಿಲ್ಲ ಮಾಸ್ಟ್ರೆ. ನಾನು ಫ್ರೇಮು ಹಾಕುವವ."

ಟೀಚರ್ ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಆಮೇಲೆ ಅವರು ಟೈಪ್‌ರೈಟರಿನಲ್ಲಿ ಪಾಠ ಮಾತ್ರ ಮಾಡಿದರು. ಮುಂದೆ ಸುರತ್ಕಲ್‌ನ ಅಕ್ಕನ ಮನೆ ಸೇರಿದರಂತೆ. ಸುರತ್ಕಲ್ ಎಷ್ಟು ದೂರ? ಒಂದು ಬಸ್ಸು... ನಾನು ಹೋಗಲಿಲ್ಲ. ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ.

ಈಗ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರನ್ನೂ ಕಲಾವಿದರೆಂದೇ ಕರೆಯುತ್ತಾರೆ. ಅದೂ ಸಣ್ಣ ಸಣ್ಣ ಚೌಕಗಳೇ ಅಂತೆ. ಚೌಕ ಎಣಿಸಿ ಚಿತ್ರ ಕಟ್ಟುವುದನ್ನು ನಮ್ಮ ಬೀದಿಯ ಮಹಡಿಯಲ್ಲಿ ಒಬ್ಬರು ಎಂದೋ ಮಾಡಿ ಮುಗಿಸಿದ್ದರು. ಆ ದೋಣಿ ಈಗ ನನ್ನ ಮೇಜಿನ ಮೇಲಿದೆ, ಕಾಗೆಯೂ ಇದೆ. ಹಿಂಬದಿಯಲ್ಲಿ ಅವರ ಹೆಸರು ಬರೆದೆ. ಓದಲು ಅವರಿಲ್ಲ.

ನೀವು ಚಿತ್ರ ಕೊಳ್ಳುವವರಾದರೂ ಸರಿ, ಮಾರುವವರಾದರೂ ಸರಿ, ಬೆಲೆಗೆ ಬೇಕಾದಷ್ಟು ಚೌಕಾಸಿ ಮಾಡಿ. ಆದರೆ ಮಾಡಿದವರ ಹೆಸರನ್ನು ರಟ್ಟಿನ ಮೇಲೆ ಬರೆದಿಡಿ. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ಈ ಊರಿನ ತೇವಕ್ಕೆ ಹರಡುತ್ತದೆ. ಮತ್ತೆ, ಅವರೆದುರೇ ಬರೆಯಿರಿ.