ಎರಡು ಸಲ ಹೆರೆದ ಹೆಡ್

ಕಡೂರಿನಲ್ಲಿ ನಮ್ಮದೊಂದು ಲೇತ್ ಅಂಗಡಿ ಇದೆ. ಹಾಕಿದವರು ಅಪ್ಪ, ನಡೆಸುವವನು ನಾನು, ದಿನಾ ಬೆಳಗ್ಗೆ ಬಂದು ನನ್ನ ಕೆಲಸದಲ್ಲಿ ತಪ್ಪು ಹುಡುಕುವವರು ಮತ್ತೆ ಅಪ್ಪ. ನಾನು ಮೊದಲೇ ಮುಂಗೋಪಿ, ಜೊತೆಗೆ ಪುಕ್ಕಲ. ಈ ಎರಡೂ ಒಬ್ಬನಲ್ಲೇ ಇದ್ದರೆ ಏನಾಗುತ್ತದೆ ಎನ್ನುವುದು ಹೋದ ವರ್ಷದ ದಸರಾದಲ್ಲಿ ನನಗೆ ಗೊತ್ತಾಯಿತು.

ನಾವು ಹುಟ್ಟುವ ಮೊದಲೇ ಅಪ್ಪ ಕೊಂಡಿದ್ದ ಪುಟ್ಟ ಕಾರೊಂದು ಮನೆಯಲ್ಲಿತ್ತು. ಹಿರೇನಲ್ಲೂರಿನಲ್ಲಿ ಗಣಿತ ಹೇಳಿಕೊಡುವ ನನ್ನ ತಂಗಿ ಗಾಡಿ ಕಲಿತದ್ದು ಅದರಲ್ಲೇ. ಅಜ್ಜಂಪುರದ ಹೊರಗೆ, ಈರುಳ್ಳಿ ಕಿತ್ತ ಹೊಲದಲ್ಲಿ, ಹಳೇ ಸಣ್ಣ ಕಾರುಗಳಿಗೆ ರೇಸು ಇಟ್ಟಿದ್ದಾರೆ ಎಂದು ಕೇಳಿದ್ದೇ ತಡ, ಅವಳು ಹೆಸರು ಕೊಟ್ಟು ಬಂದಳು. ಕಾರಿನದೇ ಎಂಜಿನ್ ಇರಬೇಕು, ಅದರಿಂದ ಎಷ್ಟು ಬಲ ಹಿಂಡುತ್ತೀರೋ ಹಿಂಡಿಕೊಳ್ಳಿ ಎನ್ನುವುದು ಅವರ ಷರತ್ತು. ಎಂಜಿನ್ ನನಗೆ ಬಿಡು ಎಂದು ನಾನು ಜಂಬ ಕೊಚ್ಚಿಕೊಂಡೆ.

ಉಪಾಯ ಹೊಸದೇನಲ್ಲ. ಗಾಳಿ ಸಲೀಸಾಗಿ ಒಳಗೆ ಹೋಗುವಂತೆ, ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡಿನ ದಾರಿಗಳನ್ನು ಅರ ಹಾಕಿ ಅಗಲ ಮಾಡುವುದು, ದೊಡ್ಡ ಕಾರ್ಬುರೇಟರ್ ಕೂರಿಸುವುದು, ಕೊನೆಗೆ ಹೆಡ್ಡಿನ ತಳವನ್ನು ಒಂದು ಮಿಲಿಮೀಟರ್ ಹೆರೆಯುವುದು. ಹೆರೆದಷ್ಟೂ ಒಳಗಿನ ಜಾಗ ಕಿರಿದಾಗಿ, ಪೆಟ್ರೋಲ್ ಬಿಗಿಯಾಗಿ ಒತ್ತಿ ಉರಿದು, ಬಲ ಹೆಚ್ಚುತ್ತದೆ. ಅತಿಯಾದರೆ ಮಾತ್ರ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದು ಎಂಜಿನ್ ಕಟಕಟ ಎನ್ನುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ತೂತು ಬೀಳುತ್ತದೆ.

ನಾನು ಕಾರ್ಬುರೇಟರ್ ತರಲು ತರೀಕೆರೆಗೆ ಹೋಗಿದ್ದ ದಿನ ಅಪ್ಪ ಸುಮ್ಮನೆ ಕೂರಲಾರದೆ ಹೆಡ್ಡನ್ನು ತಾವೇ ಹೆರೆದಿಟ್ಟರು. ಕೆಲಸ ಮುಗಿದ ಸಾಮಾನಿನ ಮೇಲೆ ಸೀಮೆಸುಣ್ಣದಲ್ಲಿ 'ಆಯ್ತು' ಎಂದು ಬರೆಯುವುದು ನಮ್ಮ ಅಂಗಡಿಯ ಪದ್ಧತಿ. ಅವರೂ ಬರೆದಿದ್ದರು. ಮಾರನೆಯ ದಿನ ಆಯುಧಪೂಜೆಯ ತೊಳೆಯುವ ಗಡಿಬಿಡಿ. ಕೈಗೆ ಸಿಕ್ಕಿದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದೆ. ಆ ಬರಹವೂ ಅದರಲ್ಲೇ ಹೋಯಿತು, ನಾನು ನೋಡಲೇ ಇಲ್ಲ.

ಪೂಜೆ ಕದಲಿಸಿದ ಮೇಲೆ ಮೊದಲ ಕೆಲಸ ಮನೆಯದೇ ಆಗಬೇಕು, ಗಿರಾಕಿಯದಲ್ಲ. ಹೆಡ್ಡನ್ನೇ ಎತ್ತಿಕೊಂಡೆ. ಮಟ್ಟ ನೋಡಲು ಮೊದಲೇ ಎಮರಿ ಹಾಳೆಯಲ್ಲಿ ಉಜ್ಜಿದ್ದೆನಾದ್ದರಿಂದ ತಳ ಹೊಳೆಯುತ್ತಿದ್ದುದು ವಿಶೇಷ ಅನ್ನಿಸಲಿಲ್ಲ. ಅಳೆಯಬೇಕಿತ್ತು. ಆದರೆ ವರ್ನಿಯರ್ ಇನ್ನೂ ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲಿತ್ತು. ಮೆಷಿನ್ನಿನ ಪೂಜೆ ಕದಲಿಸುವುದು ನಾನು, ಅಳತೆ ಸಾಮಾನಿನದು ಹಿರಿಯರು. ಅಪ್ಪ ಸ್ನಾನ ಮಾಡಿ ಬರುವವರೆಗೆ ಕಾಯುವ ತಾಳ್ಮೆ ನನಗೆಲ್ಲಿ? ಕಣ್ಣಳತೆ ಸಾಕು ಎಂದು ಇನ್ನೊಂದು ಮಿಲಿಮೀಟರ್ ಹೆರೆದುಬಿಟ್ಟೆ.

ಎಂಜಿನ್ ಕಟ್ಟಿದ ಮೇಲೆ, ಕಾಫಿ ಕುಡಿಯುತ್ತಾ ಅಪ್ಪ ಕೇಳಿದರು. "ನಾನು ಒಂದು ಎಂಎಂ ತೆಗ್ದಿದ್ದು ಸಾಕಾಯ್ತೇನ್ಲಾ?"

ಸಾಕಾಯ್ತು ಅಂದೆ. ಅಂಥ ಇನ್ನೊಂದು ಹೆಡ್ಡು ಈ ಸೀಮೆಯಲ್ಲೇ ಸಿಗುವುದಿಲ್ಲ. ರೇಸಿಗೆ ಉಳಿದದ್ದು ಮೂರೇ ದಿನ. ತಂಗಿ ಆಗಲೇ ಇಡೀ ಶಾಲೆಗೆ ಹೇಳಿಕೊಂಡು ಬಂದಿದ್ದಳು. ನಿಜ ಹೇಳಿದರೆ ಅವಳ ಮುಖ ನೋಡುವುದು ಹೇಗೆ ಅನ್ನಿಸಿತು. ಇದೆಲ್ಲ ನೆಪ. ನಾನು ಜಂಬ ಕೊಚ್ಚಿಕೊಂಡಿದ್ದೆ, ಅಷ್ಟೇ.

ಹಾಗಾಗಿ ಕಳ್ಳದಾರಿ ಹಿಡಿದೆ. ಯಾರಿಗೂ ಹೇಳದೆ ಟೈಮಿಂಗ್ ಹಿಂದಕ್ಕೆ ತಿರುಗಿಸಿಟ್ಟೆ. ಕಿಡಿ ತಡವಾಗಿ ಹೊತ್ತಿದರೆ ಎಂಜಿನ್ ಮಂಕಾಗುತ್ತದೆ, ಆದರೆ ಕಟಕಟ ಅನ್ನುವುದಿಲ್ಲ. ಅವಳು ಸೋಲಲಿ, ಎಂಜಿನ್ ಉಳಿಯಲಿ, ನನ್ನ ಮರ್ಯಾದೆಯೂ ಉಳಿಯಲಿ. ಮೂರು ದಿನವೂ ಮಾತಾಡಿಸಿದವರ ಮೇಲೆಲ್ಲ ರೇಗಿದೆ.

ರೇಸಿನ ದಿನ ಕಾರನ್ನು ಅವಳೇ ಓಡಿಸಿಕೊಂಡು ಹೊರಟಳು. ನಾನೂ ಅಪ್ಪನೂ ಬೈಕಿನಲ್ಲಿ ಹಿಂದೆ. ಬೀರೂರು ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿ, ಗಾಡಿ ಯಾಕೋ ಎಳೀತಿಲ್ಲ ಕಣೋ ಅಂದಳು. ಹೊಸ ಕಾರ್ಬುರೇಟರ್, ಬಿಸಿಯಾದರೆ ಸರಿಹೋಗುತ್ತದೆ ಎಂದು ಹೇಳಿದೆ. ಅವಳ ಕಣ್ಣು ತಪ್ಪಿಸಿ ಬುಕ್ಕಾಂಬುಧಿ ಕಡೆಯ ಗುಡ್ಡ ನೋಡುತ್ತಾ ನಿಂತೆ.

ಐದು ಸುತ್ತಿನ ಓಟ. ನಾನು ಹಗ್ಗದ ಈಚೆ ನಿಂತಿದ್ದೆ. ಮೊದಲ ಸುತ್ತಿನಲ್ಲೇ ಕಾರು ಮುಂದಕ್ಕೆ ನುಗ್ಗಿತು. ಟೈಮಿಂಗ್ ಹಿಂದಿಟ್ಟ ಎಂಜಿನ್ ಹಾಗೆ ನುಗ್ಗಲು ಸಾಧ್ಯವಿಲ್ಲ. ಎರಡನೆಯ ಸುತ್ತಿನಲ್ಲಿ ಕಿವಿಗೊಟ್ಟೆ. ಕಟಕಟ ಕೇಳಿಸಿತು. ಪಕ್ಕದಲ್ಲಿ ಅಪ್ಪ ಹಿಗ್ಗಿ ಚಪ್ಪಾಳೆ ತಟ್ಟುತ್ತಿದ್ದರು. ನಾನು ಹಗ್ಗದಡಿ ನುಸುಳಿ ಕೈ ಬೀಸುತ್ತಾ ಓಡಿದೆ. ನಾನು ಹುರಿದುಂಬಿಸುತ್ತಿದ್ದೇನೆ ಎಂದುಕೊಂಡು ಅವಳು ಇನ್ನೂ ಜೋರಾಗಿ ಒತ್ತಿದಳು.

ನಾಲ್ಕನೆಯ ಸುತ್ತಿನಲ್ಲಿ ಅವಳೇ ಮುಂದಿದ್ದಳು. ತಿರುವಿನಲ್ಲಿ ಠಪ್ ಅಂತ ಒಂದು ಸದ್ದು. ಬಿಳಿ ಹೊಗೆ ಕಾರನ್ನೇ ಮುಚ್ಚಿತು. ಹೊಗೆಯೊಳಗೆ ಕಾರು ಅಡ್ಡ ತಿರುಗಿತು. ಹಿಂದೆ ಬರುತ್ತಿದ್ದ ಗಾಡಿ ಅವಳ ಬಾಗಿಲಿನಿಂದ ಒಂದು ಮಾರು ದೂರದಲ್ಲಿ ಪಕ್ಕಕ್ಕೆ ತಿರುಗಿ ಹೋಯಿತು. ನಾನು ಓಡಿ ತಲುಪಿದಾಗ ಅವಳು ಇಳಿದು ನಿಂತಿದ್ದಳು. ಏನೂ ಆಗಿರಲಿಲ್ಲ. ನಾನು ಅಲ್ಲೇ ಹೊಲದಲ್ಲಿ ಕೂತೆ.

"ಟೈಮಿಂಗ್ ಜಾರಿತ್ತು ಕಣೋ, ಓಟಕ್ಕೆ ಮುಂಚೆ ನಾನೇ ಸರಿಯಾಗಿ ಕೂರಿಸ್ದೆ. ಆದ್ರೂ ಯಾಕೆ ಹಿಂಗಾಯ್ತು?" ಎಂದು ಕೇಳಿದಳು. ತನ್ನದೇ ತಪ್ಪೇನೋ ಎನ್ನುವ ಹಾಗಿತ್ತು ಮುಖ. ಟೈಮಿಂಗ್ ಹೊಂದಿಸುವುದನ್ನು ಅವಳಿಗೆ ಕಲಿಸಿಕೊಟ್ಟವನೂ ನಾನೇ.

ಆಗ ಎಲ್ಲ ಹೇಳಿದೆ. ಅಪ್ಪನೂ ಅಷ್ಟರಲ್ಲಿ ಬಂದಿದ್ದರು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು. ತಂಗಿ ಹೆಲ್ಮೆಟ್ ನನ್ನ ಮಡಿಲಿಗೆ ಹಾಕಿದಳು.

"ಎಂಜಿನ್ ಮತ್ತೆ ಕಟ್ಟಬೌದು, ಬಿಡು. ಹೇಳಿದ್ರೆ ನಾನು ಆ ಟೈಮಿಂಗ್ ಮುಟ್ತಾನೇ ಇರ್ಲಿಲ್ವಲ್ಲೋ ಅಣ್ಣ."

ಅಷ್ಟೇ ಅಂದಳು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಕಡೂರಿಗೆ ಎಳೆದು ತಂದೆವು. ದಾರಿಯುದ್ದಕ್ಕೂ ಸ್ಟೇರಿಂಗ್ ಹಿಡಿದವಳು ಅವಳೇ, ಪಕ್ಕದಲ್ಲಿ ಕೂತವರು ಅಪ್ಪ.

ಈ ವರ್ಷ ಆಯುಧಪೂಜೆಗೆ ಅವಳೂ ಅಂಗಡಿಗೆ ಬಂದಳು. ಮಾರನೆಯ ಬೆಳಗ್ಗೆ ಪೂಜೆ ಕದಲಿಸುವಾಗ ಅಪ್ಪ ವರ್ನಿಯರ್ ಎತ್ತಿ, ಕುಂಕುಮ ಒರೆಸಿ, ಅದನ್ನು ಅವಳ ಕೈಗೆ ಕೊಟ್ಟರು. ಅದೇ ಕಾರಿನ ಎಂಜಿನ್ನಿಗೆ ನಾನು ಲೇತಿನಲ್ಲಿ ತಿರುವಿಟ್ಟಿದ್ದ ಹೊಸ ಪಿಸ್ಟನ್ ಪಿನ್ನು ಮಣೆಯ ಮೇಲಿತ್ತು. ಅದಕ್ಕೆ ನಾನು 'ಆಯ್ತು' ಎಂದು ಬರೆದಾಗಿತ್ತು. ಅವಳು ಅದನ್ನು ಎತ್ತಿಕೊಂಡು, ನನ್ನ ಮುಖ ನೋಡದೆ, ಮೂರು ಕಡೆ ಅಳೆದಳು.