ಕಿಟಕಿಯ ಯಾತ್ರಿಕನೂ ಸ್ಪೇನಿನ ಹುಂಜವೂ

ಎದುರುಮನೆಯ ಬಾಗಿಲಿಗೆ ಒಂದು ಚಿಪ್ಪು ನೇತುಬಿದ್ದಿದೆ. ಬೀಸಣಿಗೆಯಾಕಾರದ, ಅಂಗೈಯಗಲದ ಸಮುದ್ರದ ಚಿಪ್ಪು. ಯಾವ ದಿಕ್ಕಿಗೆ ಹೋದರೂ ಸಮುದ್ರ ಬಹುದೂರವಿರುವ ನಾಗಪುರದಲ್ಲಿ, ಉಳಿದವರು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಜಾಗದಲ್ಲಿ ಅದು ತೂಗುತ್ತಿರುವುದನ್ನು ಹಾಲಿನ ಪೊಟ್ಟಣಕ್ಕೆಂದು ಬಗ್ಗಿದಾಗಲೆಲ್ಲ ನಾನು ನೋಡಲೇಬೇಕು. ದೃಷ್ಟಿ ತಾಗದಿರಲೆಂದು ಜನ ನಿಂಬೆಹಣ್ಣು ಕಟ್ಟುತ್ತಾರೆ. ಈ ಚಿಪ್ಪಿಗೆ ನನ್ನ ದೃಷ್ಟಿ ತಾಗದ ದಿನವಿಲ್ಲ. ಹೊಟ್ಟೆಕಿಚ್ಚನ್ನು ಮಾತ್ಸರ್ಯವೆಂದು ಕರೆದರೆ ತುಸು ಘನತೆ ಬಂದೀತೆಂದು ಹಾಗೆಯೂ ಕರೆದು ನೋಡಿದೆ. ಉರಿ ಅಷ್ಟೇ ಇತ್ತು.

ಚಿಪ್ಪಿನ ಒಡತಿ ಶಾಂತಕ್ಕ, ಗದುಗಿನ ಕಡೆಯವರು. ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತು ಊರಿನ ಕಾಗದಗಳಿಗೆಲ್ಲ ಮೊಹರು ಒತ್ತಿ ನಿವೃತ್ತರಾದ ಈ ಮಹಿಳೆ ಕಳೆದ ವರ್ಷ ತಂಗಿಯ ಮಗಳ ಜೊತೆ ಸ್ಪೇನಿಗೆ ಹೋಗಿ, ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿಯಿದೆಯೆಂದು ನಂಬಲಾಗುವ ಸಾಂತಿಯಾಗೊ ಕ್ಷೇತ್ರಕ್ಕೆ ವಾರಗಟ್ಟಲೆ ನಡೆದು ಬಂದರು. ಆ ದಾರಿಯ ಯಾತ್ರಿಕರ ಗುರುತೇ ಚಿಪ್ಪು. ಸಂತನ ದೇಹವನ್ನು ಹೊತ್ತ ದೋಣಿ ದಡಕ್ಕೆ ಬರುವಾಗ ಕುದುರೆಸಮೇತ ಕಡಲಿಗೆ ಬಿದ್ದವನೊಬ್ಬ ಮೈತುಂಬ ಚಿಪ್ಪು ಮೆತ್ತಿಕೊಂಡು ಜೀವಂತ ಎದ್ದು ಬಂದನೆಂದು ಐತಿಹ್ಯ. ಯಾತ್ರಿಕರ ಕೈಯಲ್ಲೊಂದು ಪುಟ್ಟ ಪುಸ್ತಕವಿದ್ದು, ತಂಗಿದಲ್ಲೆಲ್ಲ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕಂತೆ. ಜೀವಮಾನವಿಡೀ ಪರರ ಕಾಗದಗಳಿಗೆ ಮುದ್ರೆ ಒತ್ತಿದ ಶಾಂತಕ್ಕ ಕಡೆಗೂ ತಮ್ಮ ಹೆಸರಿನ ಪುಸ್ತಕ ತುಂಬ ಮುದ್ರೆ ಗಳಿಸಿ ತಂದರು.

ಇದರಿಂದ ನನಗೇನು ನಷ್ಟ ಎಂದು ನೀವು ಕೇಳಬಹುದು. ನನ್ನ ಕುರ್ಚಿ ನಷ್ಟ, ಸ್ವಾಮಿ! ನಮ್ಮ ಕಾಲೊನಿಯ ಕನ್ನಡಿಗರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಅಲ್ಲಿ ಒಂದು ಕ್ಷೇತ್ರದ ಸ್ಥಳಪುರಾಣವನ್ನು ರಸವತ್ತಾಗಿ ಬಣ್ಣಿಸುವ ಹಕ್ಕು ಹದಿನೈದು ವರ್ಷಗಳಿಂದ ನನ್ನದು, ಗೋಡೆಗೆ ತಾಗಿಸಿದ ಕೈಕುರ್ಚಿಯೂ ನನ್ನದು. ಆದರೆ ನಾನು ನೋಡಿದ ಕ್ಷೇತ್ರಗಳ ವಿಚಾರ ಮಾತ್ರ ಸ್ವಲ್ಪ ಸೂಕ್ಷ್ಮ. ರೈಲ್ವೆಯಲ್ಲಿ ದುಡಿದ ನಮ್ಮಂಥವರಿಗೊಂದು ರೂಢಿಯಿದೆ: ಕ್ಷೇತ್ರದ ನಿಲ್ದಾಣ ಬಂದೊಡನೆ ಕಿಟಕಿಯಿಂದಲೇ ದೇವಸ್ಥಾನದ ದಿಕ್ಕಿಗೆ ಕೈಮುಗಿದು, ಚಹಾ ಕುಡಿದು, ದರ್ಶನವಾಯಿತೆಂದು ಸಮಾಧಾನಪಟ್ಟುಕೊಳ್ಳುವುದು. ಹೀಗೆ ನಾನು ಕೈಮುಗಿದ ಕ್ಷೇತ್ರಗಳು ಅಸಂಖ್ಯ, ಕಾಲಿಟ್ಟವು ಬೆರಳೆಣಿಕೆ. ಮಿಕ್ಕದ್ದನ್ನು ಕಲ್ಪನೆ ತುಂಬಿಕೊಟ್ಟಿತು.

ಶಾಂತಕ್ಕ ಸ್ಪೇನಿನಿಂದ ಮರಳಿದ ತಿಂಗಳೇ ಕುರ್ಚಿ ಅವರದಾಯಿತು. ನಾನು ಚಾಪೆಯ ಮೇಲೆ, ಅವಲಕ್ಕಿ ಚುಡವಾ ತಟ್ಟೆ ಹಿಡಿದು, ಬಾಗಿಲ ಪಕ್ಕ. ಅವರು ಹೇಳಿದ್ದು ಸಂತ ದೊಮಿಂಗೊನ ಹೆಸರಿನ ಊರಿನ ಕಥೆ. ತಂದೆತಾಯಿಯ ಜೊತೆ ಯಾತ್ರೆಗೆ ಹೊರಟ ಯುವಕನೊಬ್ಬ ಛತ್ರದ ಹುಡುಗಿಯ ಪ್ರೀತಿಯನ್ನು ಒಲ್ಲೆನೆಂದ. ಅವಳು ಅವನ ಚೀಲದಲ್ಲಿ ಬೆಳ್ಳಿಯ ಬಟ್ಟಲಿಟ್ಟು ಕಳ್ಳನೆಂದು ಹಿಡಿಸಿಕೊಟ್ಟಳು. ಅವನನ್ನು ಗಲ್ಲಿಗೇರಿಸಿದರು. ತಂದೆತಾಯಿ ಯಾತ್ರೆ ಮುಗಿಸಿ ಮರಳಿದರೆ ಮಗ ಹಗ್ಗದಲ್ಲಿದ್ದೂ ಜೀವಂತ, ಸಂತನೇ ಕೆಳಗಿನಿಂದ ಎತ್ತಿ ಹಿಡಿದಿದ್ದನಂತೆ! ಓಡಿ ಹೋಗಿ ಹೇಳಿದಾಗ ಊಟಕ್ಕೆ ಕುಳಿತಿದ್ದ ನ್ಯಾಯಾಧೀಶ, "ಅವನು ಬದುಕಿದ್ದರೆ ಈ ತಟ್ಟೆಯ ಕೋಳಿಯೂ ಬದುಕಿದೆ" ಎಂದು ನಕ್ಕ. ಬೆಂದ ಹುಂಜ ಎದ್ದು ನಿಂತು ಕೂಗಿತು. ಇಂದಿಗೂ ಆ ಚರ್ಚಿನೊಳಗೆ ಗೂಡು ಕಟ್ಟಿ ಒಂದು ಬಿಳಿ ಹುಂಜ, ಒಂದು ಹೇಟೆ ಸಾಕುತ್ತಾರಂತೆ. ಈರುಳ್ಳಿಯನ್ನೂ ಮುಟ್ಟದ ನಮ್ಮ ಹಿರಿಯರೊಬ್ಬರು ಆ ಬೆಂದ ಕೋಳಿಗಾಗಿ ಕಣ್ಣೊರೆಸಿಕೊಂಡರು. ಹದಿನೈದು ವರ್ಷಗಳಲ್ಲಿ ನನ್ನ ಯಾವ ದೇವರಿಗೂ ಅವರು ಕಣ್ಣೀರು ಹಾಕಿರಲಿಲ್ಲ.

ತಡೆಯಲಾಗಲಿಲ್ಲ. ಹಿಂದಿನ ದಿನವೇ ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದ ಪ್ರಶ್ನೆಯನ್ನು ಎಸೆದೆ. ಆ ಯುವಕನನ್ನು ಹಗ್ಗದಲ್ಲಿ ಎತ್ತಿ ಹಿಡಿದದ್ದು ಯಾಕೋಬನೋ ದೊಮಿಂಗೊನೋ, ಎರಡೂ ಪಾಠಗಳಿವೆಯಲ್ಲ?

"ನನಗೇನ್ ಗೊತ್ರಿ? ಅದೆಲ್ಲ ನಿಮಗ ಗೊತ್ತು" ಎಂದರು ಶಾಂತಕ್ಕ, ಒಂದಿಷ್ಟೂ ವ್ಯಂಗ್ಯವಿಲ್ಲದೆ. "ನಾ ಆ ಗೂಡಿನ ಮುಂದ ಅರ್ಧಾ ತಾಸು ಕುಂತೆ, ಹುಂಜ ಕೂಗಲಿಲ್ಲ, ಎದ್ದು ಬಂದೆ. ಖರೇ ಹೇಳ್ಬೇಕಂದ್ರ ನಾ ನಡ್ಯಾಕ ಹತ್ತಿದ್ದು ನಿಮ್ಮಿಂದರಿ. ನೀವು ರಾಮಟೇಕದ ಕಥಿ ಹೇಳಿದ್ರಲ್ಲ, ಅರ್ಧಾ ಮೆಟ್ಟಲದಾಗ ಬೇವಿನ ಮರದ ಬುಡಕ್ಕ ಕುಂತು ನೀರು ಕುಡಿದೆ, ರಾಮನ ದಣಿವು ಆಗ ತಿಳೀತು ಅಂತ? ಅದನ್ನ ಕೇಳಿ ಅಲ್ಲೇ ಪ್ರ್ಯಾಕ್ಟೀಸ್ ಮಾಡಿದೆ. ಎಂಟು ಸಲ ಹತ್ತಿದೆ. ಆ ಮರ ಎಲ್ಲೈತ್ರಿ? ಸಿಗಲೇ ಇಲ್ಲ. ಮತ್ತ ನಿಮ್ಮ ಮೊಣಕಾಲಿಗೆ ಏನ್ ಹಚ್ಚಿದ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ವನವಾಸದಲ್ಲಿ ರಾಮ ತಂಗಿದನೆಂಬ ಗುಡ್ಡ, ನಾಗಪುರದಿಂದ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯ ರಾಮಟೇಕಕ್ಕೆ ನಾನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಹೆದ್ದಾರಿಯ ಬಸ್ಸಿನಿಂದ ಗುಡ್ಡದ ದಿಕ್ಕಿಗೆ ಕೈಮುಗಿದಿದ್ದೆ, ಅಷ್ಟೇ. ಬೇವಿನ ಮರವನ್ನು ನೆಟ್ಟದ್ದು ಆ ಕೈಕುರ್ಚಿಯಲ್ಲಿ ಕುಳಿತು. ಬೆಂದು ತಟ್ಟೆಯಲ್ಲಿ ತಣ್ಣಗೆ ಮಲಗಿದ್ದ ನನ್ನ ಸುಳ್ಳು ಎದ್ದು ನಿಂತು ತುಂಬಿದ ಸಭೆಯಲ್ಲಿ ಕೂಗಿತು. "ಇರಬೇಕು, ಕಡಿದಿರಬಹುದು" ಎಂದು ತೊದಲಿ, ಇಲ್ಲದ ಮರವನ್ನು ಕಡಿಸಿದ ಪಾಪವನ್ನೂ ಕಟ್ಟಿಕೊಂಡೆ.

ಮುಂದಿನ ಭಾನುವಾರ ಹೆಂಡತಿಗೂ ಹೇಳದೆ ರಾಮಟೇಕದ ಬಸ್ಸು ಹಿಡಿದೆ. ಗುಡ್ಡದ ಬುಡದಲ್ಲಿ, ಮೇಲಿನವರೆಗೆ ಆಟೋ ಹೋಗುತ್ತದೆಂದು ನಾಲ್ವರು ಚಾಲಕರು ಕರೆದರು. ಹಲ್ಲು ಕಚ್ಚಿ ಮೆಟ್ಟಿಲು ಹಿಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಉಸಿರು ಕಿತ್ತುಬಂತು. ಮರವಿರಬೇಕಾದಲ್ಲಿ ಕಾದ ಕಲ್ಲಿತ್ತು, ಎದುರಿಗೊಂದು ಕೋತಿ ಕುಳಿತಿತ್ತು. ರಾಮನ ದಣಿವು ತಿಳಿಯಲಿಲ್ಲ. ನನ್ನದು ಚೆನ್ನಾಗಿ ತಿಳಿಯಿತು.

ಸಂಜೆ ಬಂದವನು ಮೊದಲು ಎದುರುಮನೆಯ ಗಂಟೆ ಒತ್ತಿದೆ.

"ಶಾಂತಕ್ಕಾ, ಆ ಮರ ಇಲ್ಲರಿ. ಯಾವತ್ತೂ ಇರಲಿಲ್ಲ. ನಾನು ಮೆಟ್ಟಲ ಹತ್ತಿದ್ದು ಇವತ್ತ ಮೊದಲು."

ಅವರು ನನ್ನ ಧೂಳುಗಾಲನ್ನು ನೋಡಿದರು. "ಬರೋಬರ್. ಈಗರ ಹೇಳ್ರಿ, ಮೊಣಕಾಲಿಗೆ ಏನ್ ಹಚ್ಚಿದ್ರಿ?"

ಇನ್ನೂ ಏನೂ ಹಚ್ಚಿರಲಿಲ್ಲ. ಒಳಗೆ ಹೋಗಿ, ಸ್ಪೇನಿನ ದಾರಿಯುದ್ದಕ್ಕೂ ಬಳಸಿ ತಳ ಕಂಡಿದ್ದ ಮುಲಾಮಿನ ಡಬ್ಬಿ ತಂದುಕೊಟ್ಟರು.

ಇಂದು ಬೆಳಿಗ್ಗೆ ಹಾಲಿನ ಪೊಟ್ಟಣಕ್ಕೆ ಬಗ್ಗಲಾಗದೆ ಬಾಗಿಲು ಹಿಡಿದು ನಿಂತಾಗ ಚಿಪ್ಪು ಕಣ್ಣಿನ ನೇರಕ್ಕೇ ಬಂತು. ಅದರ ಒಂದು ಅಂಚು ಒಡೆದಿದೆ. ಇಷ್ಟು ದಿನ ನೋಡಿಯೇ ಇರಲಿಲ್ಲ. ಹೊಟ್ಟೆಕಿಚ್ಚು ಹೋಗಿಲ್ಲ, ಸುಳ್ಳೇಕೆ ಹೇಳಲಿ. ಹೊಟ್ಟೆಯಿಂದ ಮೊಣಕಾಲಿಗೆ ಇಳಿದಿದೆ.