ನೀರಿನ ಪಾಳಿಯ ಲೆಕ್ಕ

ಮಿರಜಿನಿಂದ ಕಾಗವಾಡಕ್ಕೆ ಬರುವ ಬಸ್ಸಿನಲ್ಲಿ ಯಾರೋ ಭಡಂಗದ ಪೊಟ್ಟಣ ಬಿಚ್ಚಿದರು. ಬೆಳ್ಳುಳ್ಳಿ ಹಾಕಿ ಹುರಿದ ಆ ಚುರುಮುರಿಯ ವಾಸನೆಗೆ ನಮ್ಮ ಗಣಿತದ ಸರ್ ನೆನಪಾದರು...

ನಾನಾಗ ಅಥಣಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ಸರ್ ನಮ್ಮಂಥ ಕೆಲವರನ್ನು ಸೇರಿಸಿ ಗಣಿತ ಸಂಶೋಧನೆಯ ಶಿಬಿರ ನಡೆಸುತ್ತಿದ್ದರು. ಪುಸ್ತಕದ ಲೆಕ್ಕ ಅಲ್ಲಿ ನಡೆಯುತ್ತಿರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನಾವೇ ತರಬೇಕು. ಬಿಡಿಸಿದವರಿಗೆ ಬರೀ ಶಾಬಾಸ್, ಸಿಕ್ಕಿಕೊಂಡವರಿಗೆ ಭಡಂಗ! "ಸಿಕ್ಕೊಂಡೀ ಏನವಾ? ಭಾರೀ ಆತು! ಈಗ ಖರೇ ಗಣಿತ ಚಾಲೂ ಆತು ನೋಡು" ಎಂದು ಪೊಟ್ಟಣ ಮುಂದೆ ಹಿಡಿಯುತ್ತಿದ್ದರು. ಆ ಬೇಸಿಗೆ ಹೆಚ್ಚು ತಿಂದವಳು ನಾನೇ.

ನಾನು ಒಯ್ದದ್ದು ನಮ್ಮ ತೋಟದ ಪ್ರಶ್ನೆ. ಅಪ್ಪನೂ ಅವನ ಅಣ್ಣತಮ್ಮಂದಿರೂ ಸೇರಿ ನಾಲ್ವರಿಗೆ ಒಂದೇ ಬಾವಿ. ಅಜ್ಜ ಹಾಕಿಕೊಟ್ಟಂತೆ, ಹಿರಿತನದ ಪ್ರಕಾರ ವಾರಕ್ಕೊಬ್ಬರ ನೀರಿನ ಪಾಳಿ. ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ಎರಡನೆಯವನಾದ ಅಪ್ಪ ಯಾವಾಗಲೂ ಕತ್ತಲಲ್ಲೇ ಕಬ್ಬಿಗೆ ನೀರು ಹಾಯಿಸುತ್ತಿದ್ದ. ಹಾವಿನ ಭಯ, ಕೆಂಪಗಾದ ಕಣ್ಣು... ಕೇಳಿದರೆ "ನನ್ನ ಹಣೇಬಾರ" ಎನ್ನುತ್ತಿದ್ದ. ಹಣೆಬರಹವೂ ಅಲ್ಲ, ಏನೂ ಅಲ್ಲ, ನಾಲ್ಕು ಸಮಸಂಖ್ಯೆಯಾದ್ದರಿಂದಲೇ ಅವನ ಪಾಳಿಗೆ ಪ್ರತಿ ಸಲ ರಾತ್ರಿ ಕರೆಂಟಿನ ವಾರ ಬೀಳುತ್ತದೆ ಎಂದು ಹೊಳೆದಾಗ ಕೂತಲ್ಲೇ ಕೂಗಿಬಿಟ್ಟೆ. ಪ್ರತಿ ಸುತ್ತು ಮುಗಿದ ಮೇಲೆ ಮೊದಲಿಬ್ಬರು ತಮ್ಮತಮ್ಮಲ್ಲಿ, ಕೊನೆಯಿಬ್ಬರು ತಮ್ಮತಮ್ಮಲ್ಲಿ ಪಾಳಿ ಅದಲುಬದಲು ಮಾಡಿಕೊಂಡರೆ ಸಾಕಿತ್ತು. ಆದರೆ ಹಗಲು ಪಾಳಿಯ ದೊಡ್ಡಪ್ಪ ಒಪ್ಪಬೇಕಲ್ಲ! ಅಣ್ಣನೆದುರು ಬಾಯಿ ತೆರೆಯುವ ಧೈರ್ಯ ಅಪ್ಪನಿಗಿರಲಿಲ್ಲ.

ಸರ್ ಸ್ಕೂಟರ್ ಹತ್ತಿ ತೋಟಕ್ಕೇ ಬಂದರು. ಚಹಾ ಕುಡಿಯುತ್ತ ದೊಡ್ಡಪ್ಪನನ್ನು ಕೇಳಿದರು, "ನಿಮ್ಮ ಮುಂದಿನ ಪಾಳಿ ಹಗಲೋ, ರಾತ್ರಿಯೋ?"

"ಹಗಲ್ರಿ."

"ಅದರ ಮುಂದಿಂದು?"

"ಅದೂ ಹಗಲ..."

ಬೆರಳು ಎಣಿಸುತ್ತ ಹೋದ ದೊಡ್ಡಪ್ಪ ಥಟ್ಟನೆ ನಿಂತ. ಅಪ್ಪನ ಕಡೆ ತಿರುಗಿ, "ಲೇ ತಮ್ಮಾ, ಇಷ್ಟ ವರ್ಷ ನಿದ್ದಿಗೆಟ್ಟಿ, ಒಂದ್ ಮಾತ್ ಹೇಳಬಾರ್ದೇನೋ!" ಎಂದು ಬೈದ. ಅಷ್ಟು ಸಿಹಿಯಾದ ಬೈಗುಳ ನಾನು ಇಂದಿಗೂ ಕೇಳಿಲ್ಲ. ಎಲ್ಲರೂ ನಗುತ್ತಿದ್ದರೆ ಸರ್ ಮಾತ್ರ ನನ್ನ ಕಿವಿಯಲ್ಲಿ, "ಐದ ಮಂದಿ ಇದ್ದಿದ್ರ ಏನಾಗತಿತ್ತವಾ?" ಎಂದರು.

ಈ ಬೇಸಿಗೆ ಶಿಬಿರ ನಡೆಯಲಿಲ್ಲ. ಸರ್ ಹೋಗಿಬಿಟ್ಟರು... ಸುದ್ದಿ ಬಂದ ದಿನ ಅಪ್ಪನಿಗೆ ತಿಳಿಸಲು ತೋಟಕ್ಕೆ ಹೋದೆ. ಅವನದು ಹಗಲು ಪಾಳಿ. ಕಬ್ಬಿಗೆ ನೀರು ಓಡುತ್ತಿತ್ತು. ಕೇಳಿದ ಅಪ್ಪ ಹೋಗಿ ಮೋಟಾರು ಬಂದ್ ಮಾಡಿ ಬದುವಿನ ಮೇಲೆ ಕೂತ. ಕರೆಂಟು ಇದ್ದಾಗ ಅಪ್ಪ ಮೋಟಾರು ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.